ಲಂಗರು ಸರಪಳಿ ಕೆಂಪಾಗಿದೆ, ಮತ್ತೆ ಸತು ಹಾಕಿಸಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 11 ಮೀಟರ್ ಉದ್ದದ ಹಾಯಿದೋಣಿ. ಲಂಗರಿಗೆ 10 ಮಿಲಿಮೀಟರ್ ದಪ್ಪದ ಗ್ಯಾಲ್ವನೈಸ್ ಮಾಡಿದ, ಅಂದರೆ ಸತುವಿನ ಲೇಪ ಇರುವ ಸರಪಳಿ ಇದೆ, 60 ಮೀಟರ್. ಎಂಟು ವರ್ಷ ಹಳೆಯದು. ಈಗ ಲಂಗರಿನ ಕಡೆಯ ಹದಿನೈದು ಮೀಟರ್ ಪೂರ್ತಿ ಕೆಂಪಾಗಿದೆ. ಎತ್ತಿದಾಗಲೆಲ್ಲ ಡೆಕ್ ಮೇಲೆ ತುಕ್ಕಿನ ನೀರು, ಕೈಯೆಲ್ಲ ಕಂದು. ಉಳಿದದ್ದು ಮಂಕಾಗಿದೆ, ಅಲ್ಲಲ್ಲಿ ಕಂದು ಚುಕ್ಕೆ ಇವೆ. ಒಬ್ಬರು ಹೊಸದು ತಗೊಳ್ಳಿ ಅಂತಾರೆ. ಇನ್ನೊಬ್ಬರು ಮತ್ತೆ ಗ್ಯಾಲ್ವನೈಸ್ ಮಾಡಿಸಿದರೆ ಹೊಸದರ ಹಾಗೇ ಆಗುತ್ತದೆ ಅಂತಾರೆ. ಈ ಕೆಲಸ ಬಲ್ಲವರು ದಯವಿಟ್ಟು ಹೇಳಿ ಸರ್.

ಉತ್ತರ

ನಾನು ಕರಗಿದ ಸತುವಿನ ತೊಟ್ಟಿಯ ಪಕ್ಕ ಬಹಳ ವರ್ಷ ಕೆಲಸ ಮಾಡಿದವನು. ಸರಪಳಿ ತಂದು ಸುರಿದವರಿಗೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಅಳೆದಿದ್ದೀರಾ? ಹೆಚ್ಚಿನವರು ಬಣ್ಣ ನೋಡಿ ಬಂದಿರುತ್ತಿದ್ದರು.

ಬಣ್ಣ ನಂಬಬೇಡಿ. ಬಿಸಿ ಸತುವಿನಲ್ಲಿ ಅದ್ದಿದಾಗ ಉಕ್ಕಿನ ಮೇಲೆ ಬರೀ ಸತು ಕೂರುವುದಿಲ್ಲ. ಉಕ್ಕಿಗೆ ಅಂಟಿದಂತೆ ಸತು ಮತ್ತು ಕಬ್ಬಿಣ ಬೆರೆತ ಪದರಗಳು ಹುಟ್ಟುತ್ತವೆ. ಅದರ ಮೇಲೆ ಮೆತ್ತಗಿನ ಶುದ್ಧ ಸತು. ಹೊಳೆಯುವ ಆ ಮೇಲಿನ ಪದರ ಬೇಗ ಸವೆಯುತ್ತದೆ. ಕೆಳಗಿನ ಬೂದು ಪದರ ಉಕ್ಕಿಗಿಂತಲೂ ಗಟ್ಟಿ, ಆದರೆ ಅದರಲ್ಲೇ ಸ್ವಲ್ಪ ಕಬ್ಬಿಣ ಇದೆಯಲ್ಲ, ಹಾಗಾಗಿ ಅದೂ ಕಂದು ಬಣ್ಣ ಬಿಡುತ್ತದೆ. ನಿಮ್ಮ ಚುಕ್ಕೆಗಳು ಅದೇ ಇರಬಹುದು. ಒಳಗಿನ ಉಕ್ಕು ಇನ್ನೂ ಕೆಟ್ಟಿರುವುದಿಲ್ಲ.

ಪೂರ್ತಿ ಕೆಂಪಾದ ಹದಿನೈದು ಮೀಟರ್ ಮಾತ್ರ ಬೇರೆ ಕಥೆ. ಅಲ್ಲಿ ಸತು ಮುಗಿದಿದೆ. ಉಕ್ಕು ಎಷ್ಟು ಹೋಗಿದೆ ಅನ್ನುವುದೇ ಈಗ ಪ್ರಶ್ನೆ.

ಒಂದು ವರ್ನಿಯರ್ ಕ್ಯಾಲಿಪರ್ ತಗೊಳ್ಳಿ. ಸರಪಳಿ ಸಡಿಲ ಮಾಡಿ, ಒಂದು ಕೊಂಡಿ ಇನ್ನೊಂದನ್ನು ತಿಕ್ಕುವ ಬಾಗಿನಲ್ಲಿ ಅಳೆಯಿರಿ. ಕೊಂಡಿಯ ಉದ್ದನೆಯ ಬದಿ ಅಳೆದರೆ ಉಪಯೋಗವಿಲ್ಲ, ಅಲ್ಲಿ ಸವೆತ ಕಡಿಮೆ. ತುಕ್ಕಿನ ಹೊಪ್ಪಳಿಕೆ ತಂತಿ ಬ್ರಷ್‌ನಿಂದ ಕೆರೆದು ತೆಗೆದೇ ಅಳೆಯಬೇಕು, ಇಲ್ಲದಿದ್ದರೆ ತುಕ್ಕಿನ ದಪ್ಪವನ್ನೂ ಉಕ್ಕು ಅಂತ ಲೆಕ್ಕ ಹಿಡಿಯುತ್ತೀರಿ. ಎರಡು ಮೀಟರಿಗೊಂದು ಕಡೆ ಅಳೆದು ಬರೆದಿಡಿ. ಮೂಲ ದಪ್ಪದಲ್ಲಿ ಹತ್ತನೇ ಒಂದು ಭಾಗ ಹೋಗಿದ್ದರೆ ಆ ಭಾಗ ಬಿಟ್ಟುಬಿಡಿ. 10 ಇದ್ದದ್ದು 9 ಆಗಿದ್ದರೆ ಬರೀ ಒಂದು ಮಿಲಿಮೀಟರ್ ತಾನೇ ಅನ್ನಿಸುತ್ತದೆ. ಆದರೆ ಬಲ ಇರುವುದು ಅಡ್ಡಕೊಯ್ತದ ವಿಸ್ತೀರ್ಣದಲ್ಲಿ. 0.9ರ ವರ್ಗ 0.81. ಅಂದರೆ ಸುಮಾರು ಐದನೇ ಒಂದು ಭಾಗ ಬಲ ಹೋಯ್ತು. ಅದರ ಮೇಲೆ ಸತು ಹಾಕಿಸಿದರೆ ನೋಡಲು ಚೆಂದ, ಅಷ್ಟೇ. ಸತು ಬಲ ವಾಪಸ್ ಕೊಡುವುದಿಲ್ಲ.

ಇನ್ನೊಬ್ಬ ಸದಸ್ಯರು

ಸರ್, ಮಧ್ಯೆ ಬಾಯಿ ಹಾಕ್ತಿದ್ದೀನಿ. ಕೋಲ್ಡ್ ಗ್ಯಾಲ್ವನೈಸಿಂಗ್ ಅಂತ ಸ್ಪ್ರೇ ಡಬ್ಬಿ ಸಿಗುತ್ತಲ್ಲ, ಅದು ಹೊಡೆದರೆ ಸಾಲದಾ? ಇಲ್ಲಾಂದ್ರೆ ಎಲೆಕ್ಟ್ರೋಪ್ಲೇಟಿಂಗ್?

ಉತ್ತರ

ಸ್ಪ್ರೇ ಅಂದರೆ ಸತುವಿನ ಪುಡಿ ಬೆರೆಸಿದ ಪೇಂಟ್. ಕದಲದ ಕಂಬಕ್ಕೆ, ಗೇಟಿಗೆ ಒಳ್ಳೆಯದು. ಸರಪಳಿಯ ಕೊಂಡಿಗಳು ದಿನವೂ ಉಜ್ಜಾಡುತ್ತವೆ, ಮರಳಿನಲ್ಲಿ ಎಳೆದಾಡುತ್ತವೆ. ಕೆಲವೇ ಸಲ ಲಂಗರು ಹಾಕಿದರೆ ತಿಕ್ಕುವ ಜಾಗದ ಪೇಂಟ್ ಕಿತ್ತು ಹೋಗಿರುತ್ತದೆ.

ಪ್ಲೇಟಿಂಗ್ ಅಂದರೆ ವಿದ್ಯುತ್‌ನಿಂದ ಸತು ಹಿಡಿಸುವುದು. ಹೊಳೆಯುತ್ತದೆ, ಆದರೆ ಬಹಳ ತೆಳು. ಸಾಮಾನ್ಯವಾಗಿ ಹತ್ತು ಮೈಕ್ರಾನ್ ಆಸುಪಾಸು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬಿಸಿ ಅದ್ದುವಿಕೆಗೆ ಐಎಸ್‌ಒ 1461 ಅನ್ನುವ ಮಾನದಂಡ ಇದೆ. 6 ಮಿಲಿಮೀಟರಿಗಿಂತ ದಪ್ಪದ ಉಕ್ಕಿಗೆ ಅದು ಕೇಳುವುದು ಸರಾಸರಿ 85 ಮೈಕ್ರಾನ್. ಅದ್ದಿದ ಮೇಲೆ ಬುಟ್ಟಿಯಲ್ಲಿ ತಿರುಗಿಸಿದ ಸಾಮಾನಿಗೆ ಅದಕ್ಕಿಂತ ಕಡಿಮೆ. ಆದರೂ ಪ್ಲೇಟಿಂಗಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಕೆಲವರು ಗ್ಯಾಲ್ವನೈಸ್ ಮಾಡುವುದನ್ನು ಕಲಾಯಿ ಅಂತಲೂ ಕರೆಯುತ್ತಾರೆ. ಕಲಾಯಿ ತವರದ್ದು, ಇದು ಸತುವಿನದು. ಗೀರು ಬಿದ್ದಾಗ ವ್ಯತ್ಯಾಸ ಗೊತ್ತಾಗುತ್ತದೆ. ಸತು ತಾನು ಕರಗಿ ಪಕ್ಕದ ಉಕ್ಕನ್ನು ಕಾಯುತ್ತದೆ. ತವರದ ಲೇಪ ಗೀರಿದರೆ ಕೆಳಗಿನ ಕಬ್ಬಿಣವೇ ಬೇಗ ತುಕ್ಕು ಹಿಡಿಯುತ್ತದೆ.

ಮೊದಲು ಕೇಳಿದವರು

ಅಳೆದೆ ಸರ್. ಲಂಗರಿನಿಂದ ಶುರು ಮಾಡಿ ಮೊದಲ 12 ಮೀಟರಿನಲ್ಲಿ 8.6ರಿಂದ 8.9. ಆಮೇಲೆ 9.5, ಮೇಲಿನ ತುದಿಗೆ ಹೋದಂತೆ 9.8. ಏನು ಮಾಡಲಿ?

ಉತ್ತರ

ಆ 12 ಮೀಟರ್ ಕತ್ತರಿಸಿ. ಉಳಿದ 48 ಮೀಟರ್ ಸತು ಹಾಕಿಸಲು ಯೋಗ್ಯ. ಕತ್ತರಿಸಿದ ಜಾಗಕ್ಕೆ ಹೊಸ ತುಂಡು ಜೋಡಿಸಲು ಹೋಗಬೇಡಿ. ಜೋಡಿಸುವ ಕೊಂಡಿಗಳು ಅನೇಕ ಸಲ ಸರಪಳಿಗಿಂತ ದುರ್ಬಲ. ಉದ್ದ ಸಾಲದಿದ್ದರೆ ಮೇಲಿನ ತುದಿಗೆ ನೈಲಾನ್ ಹಗ್ಗ ಹೆಣೆಯಬಹುದು. 48 ಮೀಟರ್ ಅಂದರೆ, ಆಳದ ಐದು ಪಟ್ಟು ಬಿಡುತ್ತೀರಿ ಅಂದುಕೊಂಡರೆ ಒಂಬತ್ತೂವರೆ ಮೀಟರ್ ಆಳಕ್ಕೆ ಸಾಕು. ಆಳ ಅಂದಾಗ ನೀರಿನಿಂದ ದೋಣಿಯ ಮೂತಿಯವರೆಗಿನ ಎತ್ತರವನ್ನೂ, ಭರತ ಏರುವುದನ್ನೂ ಸೇರಿಸಿ.

ಈಗ ಕಳಿಸುವ ಮುಂಚಿನ ತಯಾರಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಆಳದ ಗುರುತಿಗೆ ಹಚ್ಚಿದ ಪೇಂಟ್ ಇದೆಯಾ? ಪೂರ್ತಿ ತೆಗೆಯಿರಿ. ಅಲ್ಲಿ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಮುಳುಗಿಸುತ್ತಾರೆ. ಅದು ತುಕ್ಕು ತಿನ್ನುತ್ತದೆ, ಹಳೇ ಸತು ತಿನ್ನುತ್ತದೆ, ಪೇಂಟ್ ಮಾತ್ರ ಮುಟ್ಟುವುದಿಲ್ಲ. ಪೇಂಟ್ ಉಳಿದ ಕಡೆ ಸತು ಹಿಡಿಯುವುದಿಲ್ಲ. ಗ್ರೀಸ್, ಒಣಗಿದ ಕೆಸರು, ಅಂಟಿಕೊಂಡ ಚಿಪ್ಪು ಎಲ್ಲಕ್ಕೂ ಇದೇ ಮಾತು. ಪಿನ್ ಹಾಕಿ ಮುಚ್ಚುವ ಶ್ಯಾಕಲ್, ತಿರುಗುವ ಸ್ವಿವೆಲ್ ಕೊಂಡಿ, ಪ್ಲಾಸ್ಟಿಕ್ ಗುರುತು, ಹಗ್ಗ ಎಲ್ಲ ಬಿಚ್ಚಿಡಿ. ತುಕ್ಕು ಗುಳಿ ಬಿದ್ದಿದ್ದರೆ ಆಸಿಡ್‌ಗೆ ಮುಂಚೆ ಮರಳು ಅಥವಾ ಉಕ್ಕಿನ ಹರಳು ಊದಿಸಿ ಸ್ವಚ್ಛ ಮಾಡಿಸುವುದು ಒಳ್ಳೆಯದು.

ಆಸಿಡ್ ಆದ ಮೇಲೆ ತೊಳೆದು, ಸತು ಹಿಡಿಯಲು ನೆರವಾಗುವ ಫ್ಲಕ್ಸ್ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಆಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಸತುವಿಗೆ ಇಳಿಸುತ್ತಾರೆ. ಸತು ಕರಗುವುದೇ 419ರ ಮೇಲೆ. ಹೊರಗೆ ತೆಗೆದ ಕ್ಷಣದಿಂದ ಅದು ಗಟ್ಟಿಯಾಗತೊಡಗುತ್ತದೆ. ಸರಪಳಿಯ ಕಷ್ಟ ಇರುವುದು ಇಲ್ಲಿ. ಸುಮ್ನೆ ಎತ್ತಿ ನೇತು ಹಾಕಿದರೆ ಕೊಂಡಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬಿಸಿ ಇರುವಾಗಲೇ ಬುಟ್ಟಿಯಲ್ಲಿ ಗಿರ್ರನೆ ತಿರುಗಿಸಬೇಕು, ಇಲ್ಲವೇ ಬಿಡದೆ ಅಲುಗಾಡಿಸಬೇಕು.

ಒಮ್ಮೆ ನನ್ನದೇ ಸರಪಳಿಯನ್ನು ಬೇರೆ ಕಡೆ ಕೊಟ್ಟಿದ್ದೆ. ಗೇಟು, ಕಂಬಿ ಮಾಡುವ ಜಾಗ ಅದು. ವಾಪಸ್ ಬಂದದ್ದು ಸರಪಳಿಯಲ್ಲ, ವಕ್ರ ಕೋಲು! ಸುತ್ತಿಗೆಯಿಂದ ಒಂದೊಂದೇ ಬಿಡಿಸಿದೆ, ಎರಡು ದಿನ ಹಿಡಿಯಿತು. ಬಿಡಿಸಿದ ಕಡೆಯೆಲ್ಲ ಸತು ಚಕ್ಕೆ ಎದ್ದು ಉಕ್ಕು ಕಂಡಿತು, ಅದೂ ಸರಿಯಾಗಿ ತಿಕ್ಕುವ ಜಾಗದಲ್ಲೇ. ತಪ್ಪು ನನ್ನದೂ ಹೌದು. ಈ ಕೆಲಸ ಗೊತ್ತಿದ್ದೂ ನಾನು ಕೇಳಿರಲಿಲ್ಲ. ನೀವು ಕೊಡುವಾಗ ಇದೊಂದು ಕೇಳಿ: "ಸರಪಳಿಯನ್ನು ತಿರುಗಿಸುತ್ತೀರಾ, ಅಲುಗಾಡಿಸುತ್ತೀರಾ?" ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಮತ್ತೊಬ್ಬ ಸದಸ್ಯರು

ನನ್ನದು ಜಿ70 ಸರಪಳಿ. ಅದಕ್ಕೂ ಹೀಗೇ ಮಾಡಿಸಬಹುದಾ ಅಣ್ಣ?

ಉತ್ತರ

ತಯಾರಿಸಿದವರನ್ನು ಕೇಳದೆ ಮಾಡಿಸಬೇಡಿ. ಜಿ ಅಂದರೆ ಗ್ರೇಡ್, ಅಂಕಿ ದೊಡ್ಡದಾದಷ್ಟೂ ಬಲ ಹೆಚ್ಚು. ಜಿ30, ಜಿ40, ಜಿ43 ಸರಪಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಜಿ70ಗೆ ಬಲ ಬಂದಿರುವುದು ಕಾಯಿಸಿ ತಣಿಸಿ ಹದ ಮಾಡಿದ್ದರಿಂದ. ಮತ್ತೆ 450 ಡಿಗ್ರಿಗೆ ಹಾಕಿದರೆ ಆ ಹದ ಇಳಿಯಬಹುದು. ಗಟ್ಟಿ ಉಕ್ಕಿಗೆ ಆಸಿಡ್‌ನಿಂದ ಇನ್ನೊಂದು ಅಪಾಯ: ಹೈಡ್ರೋಜನ್ ಒಳಗೆ ಸೇರಿ ಉಕ್ಕು ಪೆಡಸಾಗಿ ಮುರಿಯುವುದು. ಹೊರಗಿನಿಂದ ಏನೂ ಕಾಣುವುದಿಲ್ಲ. ಗ್ರೇಡ್ ಗೊತ್ತಿಲ್ಲದಿದ್ದರೆ ಕೊಂಡಿಗಳ ಮೇಲೆ ಒತ್ತಿದ ಅಂಕಿ ಹುಡುಕಿ, ಕೆಲವು ಅಡಿಗೊಂದು ಕಡೆ ಇರುತ್ತದೆ.

ಇನ್ನೊಬ್ಬರು

ಲಂಗರನ್ನೂ ಜೊತೆಗೇ ಕಳಿಸಬಹುದಾ?

ಉತ್ತರ

ಕಳಿಸಬಹುದು. ಆದರೆ ಹಳೇ ನೇಗಿಲಿನಾಕಾರದ ಲಂಗರುಗಳ ಮೂತಿಯಲ್ಲಿ ತೂಕಕ್ಕೆ ಸೀಸ ತುಂಬಿರುತ್ತಾರೆ. ಸೀಸ 327 ಡಿಗ್ರಿಗೇ ಕರಗುತ್ತದೆ, ತೊಟ್ಟಿಯಲ್ಲಿ ಸೋರಿ ಹೋಗುತ್ತದೆ. ಹಿಡಿ ಟೊಳ್ಳಾಗಿ, ಗಾಳಿ ಹೋಗಲು ತೂತು ಇಲ್ಲದಿದ್ದರೆ ಅದಕ್ಕಿಂತ ಕೆಟ್ಟದ್ದು, ಒಳಗಿನ ತೇವ ಆವಿಯಾಗಿ ಸಿಡಿಯುತ್ತದೆ. ಎರಡನ್ನೂ ಮುಂಚೆಯೇ ಹೇಳಿ ಕೊಡಿ. ತೊಟ್ಟಿಯ ಪಕ್ಕ ನಿಲ್ಲುವವರೂ ಮನುಷ್ಯರೇ. ಹಾಗೇ, ಮನೆಯಲ್ಲೇ ಸತು ಕರಗಿಸಿ ಅದ್ದುವ ಯೋಚನೆ ಇದ್ದವರು ಅದನ್ನು ಇಲ್ಲಿಗೇ ಬಿಡಿ.

ಮೊದಲು ಕೇಳಿದವರು

ಹೊಸದಾಗಿ ಮಾಡಿಸಿದ ಮೇಲೆ ಜಾಸ್ತಿ ದಿನ ಬಾಳಬೇಕು ಅಂದರೆ ಏನು ಮಾಡಬೇಕು? ಸಿಹಿ ನೀರಿನಲ್ಲಿ ತೊಳೆಯಿರಿ ಅಂತ ಎಲ್ಲರೂ ಹೇಳ್ತಾರೆ.

ಒಬ್ಬ ಹಳೆಯ ಸದಸ್ಯರು

ನಾನು ಹತ್ತು ವರ್ಷದಿಂದ ಒಮ್ಮೆಯೂ ತೊಳೆದಿಲ್ಲ ಸ್ವಾಮಿ, ಸರಪಳಿ ಚೆನ್ನಾಗೇ ಇದೆ. ಇದೆಲ್ಲ ಸುಮ್ನೆ.

ಉತ್ತರ

ನೀವು ಹೆಚ್ಚಾಗಿ ಮರಳು ತಳದಲ್ಲಿ ಲಂಗರು ಹಾಕುವವರು ಇರಬೇಕು, ಅಲ್ವಾ? ಕಪ್ಪು, ನಾರುವ ಕೆಸರಿನಲ್ಲಿ ಆ ಸರಪಳಿ ಹತ್ತು ವರ್ಷ ಬಾಳುತ್ತಿರಲಿಲ್ಲ. ಗಾಳಿಯಿಲ್ಲದ ಆ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಗಂಧಕದ ಅನಿಲ ಹುಟ್ಟಿಸುತ್ತವೆ, ಅದು ಸತುವನ್ನು ಬೇಗ ತಿನ್ನುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಉಪ್ಪಿಗಿಂತ ಕೆಸರು ತೊಳೆಯುವುದು ಮುಖ್ಯ. ಎತ್ತುವಾಗಲೇ ಸಮುದ್ರದ ನೀರಿನಿಂದ ಕೆಸರು ಹೊಡೆದುಹಾಕಿ. ಬಹಳ ದಿನ ದೋಣಿ ನಿಲ್ಲಿಸುವಾಗ ಸಿಹಿ ನೀರಿನಲ್ಲಿ ತೊಳೆದು ಒಣಗಿಸಿ.

ಸರಪಳಿ ಪೆಟ್ಟಿಗೆಯ ತಳದ ತೂತು ಕಟ್ಟಿಕೊಂಡಿದೆಯಾ ನೋಡಿ. ಒದ್ದೆ ಸರಪಳಿಯ ಮೇಲೆ ಹಗ್ಗ, ಚೀಲ ರಾಶಿ ಹಾಕಬೇಡಿ. ಹೊಸ ಸತು ಗಾಳಿಯಿಲ್ಲದೆ ಒದ್ದೆಯಲ್ಲಿ ಕೂತರೆ ಬಿಳಿ ಪುಡಿ ಏಳುತ್ತದೆ. ಅದೂ ಒಂದು ಬಗೆಯ ತುಕ್ಕೇ.

ಸ್ಟೇನ್‌ಲೆಸ್ ಸ್ವಿವೆಲ್ ಇದ್ದರೆ ಅದರ ಪಕ್ಕದ ಕೊಂಡಿಗಳ ಮೇಲೆ ಕಣ್ಣಿರಲಿ. ಉಪ್ಪು ನೀರಿನಲ್ಲಿ ಸ್ಟೇನ್‌ಲೆಸ್ ಜೊತೆ ಇದ್ದ ಸತು ಬೇಗ ಕರಗುತ್ತದೆ. ನಾನು ಸ್ವಿವೆಲ್ ಬಿಟ್ಟು ಗ್ಯಾಲ್ವನೈಸ್ ಶ್ಯಾಕಲ್ ಹಾಕಿದ್ದೇನೆ, ಪಿನ್ ಬಿಚ್ಚಿಕೊಳ್ಳದಂತೆ ತಂತಿ ಕಟ್ಟಿ. ಲಂಗರು ಕಚ್ಚಿದ ಮೇಲೆ ಭಾರವನ್ನು ಸ್ನಬ್ಬರ್‌ಗೆ, ಅಂದರೆ ಸರಪಳಿಗೂ ದೋಣಿಗೂ ನಡುವೆ ಕಟ್ಟುವ ನೈಲಾನ್ ಹಗ್ಗಕ್ಕೆ ಕೊಡಿ. ಹಗ್ಗ ಹಿಗ್ಗುತ್ತದೆ, ಸರಪಳಿಗೂ, ಅದನ್ನು ಎತ್ತುವ ವಿಂಡ್ಲಾಸ್ ಯಂತ್ರಕ್ಕೂ ಜಗ್ಗಾಟ ತಪ್ಪುತ್ತದೆ.

ವರ್ಷಕ್ಕೊಮ್ಮೆ ಸರಪಳಿ ತಿರುಗಿಸಿ ಹಾಕಿ, ಲಂಗರಿನ ತುದಿ ಒಳಗೆ, ಒಳಗಿನ ತುದಿ ಲಂಗರಿಗೆ. ನಿಮ್ಮ ಅಳತೆ ನೋಡಿದರೆ ಎಂಟು ವರ್ಷ ಒಂದೇ ತುದಿ ದುಡಿದಿದೆ. ಒಳತುದಿಯನ್ನು ದೋಣಿಗೆ ಶ್ಯಾಕಲ್‌ನಿಂದ ಅಲ್ಲ, ಹಗ್ಗದಿಂದ ಕಟ್ಟಿ, ಪೂರ್ತಿ ಬಿಟ್ಟಾಗ ಆ ಹಗ್ಗ ಡೆಕ್ ಮೇಲೆ ಬರುವಷ್ಟು ಉದ್ದ ಇರಲಿ. ಅವಸರಕ್ಕೆ ಚಾಕುವಿನಿಂದ ಕೊಯ್ದು ಹೊರಡಬಹುದು.

ಮೊದಲು ಕೇಳಿದವರು

ಸರ್, ಇವತ್ತು ಸರಪಳಿ ಬಂತು. ಬೆಳ್ಳಿಯ ಹಾಗೆ ಹೊಳೀತಿದೆ! ಅಲುಗಾಡಿಸುತ್ತೀರಾ ಅಂತ ಕೇಳಿಯೇ ಕೊಟ್ಟಿದ್ದೆ. ಆದರೆ ಆರೇಳು ಕೊಂಡಿಗಳಲ್ಲಿ ಸತು ಹನಿಯ ಹಾಗೆ ನೇತಾಡಿ ಗಟ್ಟಿಯಾಗಿದೆ. ಹಾಗೇ ಬಿಡಲಾ?

ಉತ್ತರ

ಬಿಡಬೇಡಿ, ವಿಂಡ್ಲಾಸ್‌ನ ಸರಪಳಿ ಹಿಡಿದೆಳೆಯುವ ಜಿಪ್ಸಿ ಚಕ್ರದ ಗುಳಿಯಲ್ಲಿ ಕೊಂಡಿ ಕೂರದೆ ಹಾರುತ್ತದೆ. ಅರದಿಂದ ಹನಿಯನ್ನಷ್ಟೇ ಉಜ್ಜಿ, ಬೂದು ಬಣ್ಣ ಕಾಣುವ ಮುಂಚೆ ನಿಲ್ಲಿಸಿ. ಸುತ್ತಿಗೆ ಬೇಡ. ಆಮೇಲೆ ಪೂರ್ತಿ 48 ಮೀಟರನ್ನೂ ಒಂದೊಂದೇ ಕೊಂಡಿ ಬೆರಳಲ್ಲಿ ಮಡಿಸಿ ನೋಡಿ, ಯಾವುದೂ ಬಿಗಿಯಾಗಿ ನಿಲ್ಲಬಾರದು. ಕೊನೆಗೆ ದೋಣಿ ಕಟ್ಟೆಯಲ್ಲಿ ಕಟ್ಟಿರುವಾಗಲೇ ಎರಡು ಸಲ ವಿಂಡ್ಲಾಸ್ ಮೇಲೆ ಓಡಿಸಿ. ಆಳದ ಗುರುತಿಗೆ ಈಗಲೇ ಪೇಂಟ್ ಹಚ್ಚಬೇಡಿ, ಹೊಸ ಸತುವಿನ ಮೇಲೆ ನಿಲ್ಲುವುದಿಲ್ಲ. ಸದ್ಯಕ್ಕೆ ಬಣ್ಣದ ಬಟ್ಟೆ ಚೂರು ಕಟ್ಟಿಕೊಳ್ಳಿ.