ಹಾರ್ಟ್ಸ್ ಕ್ಲಬ್ಬಿನಿಂದ ಯುದ್ಧಕ್ಕೆ ಹೋದವರು: 11, 16, 7 – ಫಲಕಕ್ಕೆ ಯಾವ ಲೆಕ್ಕ?

ಲೀತ್‌ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಎಡಿನ್‌ಬರೋ ಕಡೆಯ ಹಳೇ ಹವ್ಯಾಸಿ ಫುಟ್‌ಬಾಲ್ ಕ್ಲಬ್ಬೊಂದು ಮೊದಲ ಮಹಾಯುದ್ಧಕ್ಕೆ ಹೋದ ತನ್ನ ಆಟಗಾರರ ಹೆಸರಿನ ಫಲಕ ಹಾಕಿಸುತ್ತಿದೆ. ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಡಿನ್‌ಬರೋದ ಹೆಸರಾಂತ ಫುಟ್‌ಬಾಲ್ ಕ್ಲಬ್ಬು ಹಾರ್ಟ್ ಆಫ್ ಮಿಡ್‌ಲೋಥಿಯನ್ (ಹಾರ್ಟ್ಸ್) ಮಾದರಿಯನ್ನೇ ಹಿಡಿಯೋಣ ಅಂದರೆ ಅವರ ಲೆಕ್ಕವೇ ತಲೆ ತಿನ್ನುತ್ತಿದೆ. ಒಂದು ಕಡೆ 11 ಜನ ಸೇನೆ ಸೇರಿದರು ಅಂತಿದೆ, ಇನ್ನೊಂದು ಕಡೆ 16, ಸತ್ತವರು 7. ಯಾವುದು ಸರಿ? ಒಬ್ಬ ಆಟಗಾರ ನಿಜವಾಗಿ ಸೇವೆ ಮಾಡಿದ್ದಾನೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಕ್ಲಬ್ಬಿನಲ್ಲಿ ಉಳಿದಿರುವುದು 1913ರ ಒಂದು ಗ್ರೂಪ್ ಫೋಟೋ, ಹರಿದ ನಡಾವಳಿ ಪುಸ್ತಕ, ಅಷ್ಟೇ. ಫಲಕ ಯಾವ ಲೋಹದ್ದು, ಹೇಗೆ ಕೂರಿಸಬೇಕು ಅನ್ನುವುದನ್ನೂ ತಿಳಿದವರು ಹೇಳಿ.

ಚೆಂಡುಚರಿತ್ರೆ:
ಮೂರೂ ಸರಿ. ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ, ಅದೇ ಗೊಂದಲ.

11 ಅನ್ನುವುದು ಒಂದೇ ದಿನದ ಲೆಕ್ಕ. 1914ರ ನವೆಂಬರ್ 25ರಂದು ಎಡಿನ್‌ಬರೋದ ಉದ್ಯಮಿ, ಮಾಜಿ ಸಂಸದ ಸರ್ ಜಾರ್ಜ್ ಮಕ್ರೇ ಕಟ್ಟುತ್ತಿದ್ದ ಪಡೆಗೆ ಹಾರ್ಟ್ಸ್‌ನ 11 ಆಟಗಾರರು ಹೆಸರು ಕೊಟ್ಟರು. ಅದೇ ಮುಂದೆ ರಾಯಲ್ ಸ್ಕಾಟ್ಸ್ ರೆಜಿಮೆಂಟಿನ 16ನೇ ಬೆಟಾಲಿಯನ್ ಆಯಿತು. ಆಮೇಲೆ ಸೇರಿದವರನ್ನೂ ಹಿಡಿದರೆ ಅದೇ ಬೆಟಾಲಿಯನ್‌ನಲ್ಲಿ 16. ಈ 16ರಲ್ಲಿ ಬೇರೆ ಪಡೆಗೆ ಹೋದವರು ಇಲ್ಲ ಅನ್ನುವುದನ್ನು ಗಮನಿಸಿ. ಜಾರ್ಜ್ ಸಿಂಕ್ಲೇರ್ ಮೀಸಲು ಸೈನಿಕ; ಯುದ್ಧ ಶುರುವಾದ ಕೂಡಲೇ ಕರೆ ಬಂದು ಫಿರಂಗಿ ದಳಕ್ಕೆ ಹೋಗಿಬಿಟ್ಟಿದ್ದ. ಜೇಮ್ಸ್ ಸ್ಪೀಡಿ ತನ್ನ ಜೊತೆಯವರಿಗಿಂತ ಮೊದಲೇ ಕ್ಯಾಮರನ್ ಹೈಲ್ಯಾಂಡರ್ಸ್ ಅನ್ನುವ ಬೇರೆ ರೆಜಿಮೆಂಟ್ ಸೇರಿದ್ದ.

7 ಅನ್ನುವುದು ಪ್ರಾಣ ಬಿಟ್ಟವರು. ಸ್ಪೀಡಿ 1915ರ ಸೆಪ್ಟೆಂಬರ್ 25ರಂದು ಲೂಸ್ ಕದನದಲ್ಲಿ. ಟಾಮ್ ಗ್ರೇಸಿ 1915ರ ಅಕ್ಟೋಬರ್ 23ರಂದು ಗ್ಲಾಸ್ಗೋದಲ್ಲಿ, ರಕ್ತದ ಕ್ಯಾನ್ಸರ್‌ನಿಂದ. ಡಂಕನ್ ಕರಿ, ಅರ್ನೆಸ್ಟ್ ಎಲಿಸ್, ಹ್ಯಾರಿ ವಾಟಿ, ಮೂವರೂ 1916ರ ಜುಲೈ 1, ಸೋಮ್ ಕದನದ ಮೊದಲ ದಿನ. ಜೇಮ್ಸ್ ಬಾಯ್ಡ್ ಅದೇ ವರ್ಷ ಆಗಸ್ಟ್‌ನಲ್ಲಿ. ಜಾನ್ ಅಲನ್ 1917ರ ಏಪ್ರಿಲ್‌ನಲ್ಲಿ, ಅರಾಸ್ ಹತ್ತಿರ. ಸ್ಪೀಡಿ ಏಳರಲ್ಲಿ ಇದ್ದಾನೆ, ಹದಿನಾರರಲ್ಲಿ ಇಲ್ಲ. ಹಾಗಾಗಿ "16 ಜನ ಹೋದರು, ಅವರಲ್ಲಿ 7 ಜನ ಸತ್ತರು" ಅಂತ ಎಲ್ಲಾದರೂ ಓದಿದರೆ ಆ ವಾಕ್ಯವೇ ತಪ್ಪು. ನಿಮ್ಮ ಫಲಕದಲ್ಲಿ ಈ ತಪ್ಪು ಬರಬಾರದು ಅಂದರೆ ಮೊದಲು ತಲೆಬರಹ ಗಟ್ಟಿ ಮಾಡಿಕೊಳ್ಳಿ: ಒಂದು ಬೆಟಾಲಿಯನ್ ಸೇರಿದವರೋ, ಸೇವೆ ಮಾಡಿದ ಎಲ್ಲರೋ, ಸತ್ತವರು ಮಾತ್ರವೋ? ಅದಾದ ಮೇಲೇ ಹೆಸರಿಗೆ ಕೈ ಹಾಕಿ.

ಇನ್ನೊಂದು ತಗಾದೆಯ ವಿಷಯ, ಯುದ್ಧ ಮುಗಿದ ಮೇಲೆ ಸತ್ತವರು. ಬಾಬ್ ಮರ್ಸರ್ ವಿಷಾನಿಲದಿಂದ ಸೊರಗಿದವನು, 1926ರಲ್ಲಿ ಆಟದ ಮೈದಾನದಲ್ಲೇ ಕುಸಿದು ಸತ್ತ. ಪ್ಯಾಡಿ ಕ್ರಾಸನ್ 1933ರಲ್ಲಿ ಹೋದ, ಅವನಿಗೂ ಗಾಯ, ವಿಷಾನಿಲ ಎರಡೂ ಆಗಿತ್ತು. ಏಳರ ಪಟ್ಟಿಯಲ್ಲಿ ಇಬ್ಬರೂ ಇಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಗಡುವು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ. ಅದೇ ಗಡುವನ್ನು ನೀವೂ ಹಿಡಿದರೆ ಜಗಳ ಕಡಿಮೆ. ಆದರೆ ಅದು ಆಡಳಿತದ ಗೆರೆ ಅಷ್ಟೇ; ಶ್ವಾಸಕೋಶ ಆ ತಾರೀಖು ನೋಡಿಕೊಂಡು ಕೆಡುವುದಿಲ್ಲ. ಸೇವೆ ಮಾಡಿದ ಎಲ್ಲರ ಹೆಸರನ್ನೂ ಹಾಕಿ, ಗಡುವಿನೊಳಗೆ ಸತ್ತವರಿಗೆ ಒಂದು ಗುರುತು ಕೊಡುವುದು ಲೇಸು ಅಂತ ನನ್ನ ಮತ.

ಪದಕಪುರಾಣ:
ಖಚಿತ ಮಾಡಿಕೊಳ್ಳುವ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಸೇವಾ ಕಡತ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 363 ಅನ್ನುವ ಸರಣಿ ಇದೆ, 'ಸುಟ್ಟ ಕಡತಗಳು' ಅಂತಲೇ ಕರೆಯುತ್ತಾರೆ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬ್ ಬಿದ್ದು ಉಗ್ರಾಣ ಹೊತ್ತಿ ಉರಿದು, ಸಾಮಾನ್ಯ ಸೈನಿಕರ ಕಡತಗಳಲ್ಲಿ ಸುಮಾರು 60 ಶೇಕಡಾ ನಾಶವಾಯಿತು. ಕಡತ ಸಿಗಲಿಲ್ಲ ಅಂದರೆ ಆತ ಹೋಗಿರಲಿಲ್ಲ ಅಂತ ಅರ್ಥ ಅಲ್ಲ.

ಆಮೇಲೆ ಡಬ್ಲ್ಯೂಓ 372, ಪದಕಗಳ ಸೂಚಿ ಕಾರ್ಡು. ಇದು ಬಹುಪಾಲು ಉಳಿದಿದೆ. ಹೊಸಬರು ಎಡವುವುದೂ ಇಲ್ಲೇ. ಕಾರ್ಡು ಇರುವುದು ಮುಖ್ಯವಾಗಿ ಹೊರದೇಶದ ರಣರಂಗಕ್ಕೆ ಹೋದವರಿಗೆ. ಬ್ರಿಟನ್ನಿನಲ್ಲೇ ತರಬೇತಿ, ಕಾವಲು ಅಂತ ಇದ್ದವನಿಗೆ ಪದಕವೂ ಇಲ್ಲ, ಕಾರ್ಡೂ ಇಲ್ಲ. ಗ್ರೇಸಿಯನ್ನೇ ತಗೊಳ್ಳಿ. 1914–15ರ ಋತುವಿನಲ್ಲಿ ಗೋಲಿನ ಸುರಿಮಳೆಗರೆದವನು, ಸೈನ್ಯದಲ್ಲಿರುವಾಗಲೇ ಸತ್ತವನು. ಅವನ ಬೆಟಾಲಿಯನ್ ಫ್ರಾನ್ಸಿಗೆ ಇಳಿದದ್ದು 1916ರ ಜನವರಿಯಲ್ಲಿ, ಅವನು ಸತ್ತ ಮೇಲೆ. ಪದಕದ ಪಟ್ಟಿ ಒಂದನ್ನೇ ನೆಚ್ಚಿಕೊಂಡು ಗೌರವ ಫಲಕ ಮಾಡಿದ್ದರೆ ಟಾಮ್ ಗ್ರೇಸಿಯ ಹೆಸರೇ ಬಿಟ್ಟುಹೋಗುತ್ತಿತ್ತು. ಅವನನ್ನು ಹಿಡಿಯಬೇಕಾದರೆ ಯುದ್ಧ ಸಮಾಧಿ ಆಯೋಗದ ಪಟ್ಟಿ ನೋಡಬೇಕು. ಅಲ್ಲಿ ಎಲ್ಲಿ ಸತ್ತ ಅನ್ನುವುದು ಮುಖ್ಯವಲ್ಲ, ಸೇವೆಯಲ್ಲಿದ್ದನೇ ಅನ್ನುವುದು ಮುಖ್ಯ.

ಇದೇ ಜನವರಿ 1916 ಇನ್ನೊಂದಕ್ಕೂ ಒರೆಗಲ್ಲು. '1914–15 ಸ್ಟಾರ್' ಪದಕ ಸಿಗುವುದು 1915ರ ಡಿಸೆಂಬರ್ 31ರೊಳಗೆ ರಣರಂಗ ಮುಟ್ಟಿದವರಿಗೆ ಮಾತ್ರ. ಮಕ್ರೇ ಬೆಟಾಲಿಯನ್‌ನ ಜೊತೆಗೇ ಹೊರಟವನಿಗೆ ಅದು ಬರಲು ಸಾಧ್ಯವಿಲ್ಲ, ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್ ಎರಡೇ. ಯಾರಾದರೂ ಮನೆಯವರು ಸ್ಟಾರ್ ತಂದು ತೋರಿಸಿ "ನಮ್ಮಜ್ಜ ಮಕ್ರೇ ಜೊತೆ ಹೋದವರು" ಅಂದರೆ ಆ ಅಜ್ಜ ಮೊದಲು ಬೇರೆ ಪಡೆಯಲ್ಲಿದ್ದಿರಬೇಕು, ಇಲ್ಲವೇ ಪದಕ ಬೇರೆಯವರದ್ದು. ಪದಕದ ಅಂಚಿನಲ್ಲಿ (ಸ್ಟಾರ್ ಆದರೆ ಹಿಂಬದಿಯಲ್ಲಿ) ಸಂಖ್ಯೆ, ಹೆಸರು, ರೆಜಿಮೆಂಟ್ ಒತ್ತಿರುತ್ತಾರೆ, ಅದನ್ನು ಓದಿ.

ಸೈನಿಕ ಸಂಖ್ಯೆಯನ್ನು ಆಧಾರ್ ಸಂಖ್ಯೆಯ ಹಾಗೆ ನಂಬಬೇಡಿ. ಅದು ಆಯಾ ಪಡೆಯೊಳಗಿನದ್ದು. ಬೇರೆ ರೆಜಿಮೆಂಟಿಗೆ ವರ್ಗವಾದರೆ ಹೊಸ ಸಂಖ್ಯೆ. 1917ರಲ್ಲಿ ಟೆರಿಟೋರಿಯಲ್ (ಅರೆಕಾಲಿಕ ಸ್ವಯಂಸೇವಕರ) ಪಡೆಗಳ ಎಲ್ಲರಿಗೂ ಹೊಸ ಸಂಖ್ಯೆ ಕೊಟ್ಟರು. ಒಬ್ಬನೇ ಮನುಷ್ಯ ಮೂರು ಸಂಖ್ಯೆಯಲ್ಲಿ ಸಿಗಬಹುದು, ಒಂದೇ ಸಂಖ್ಯೆಯಲ್ಲಿ ಮೂವರು ಸಿಗಬಹುದು.

ಹೆಸರಿನ ಗೋಜಲು ಬೇರೆ. ಹಾರ್ಟ್ಸ್‌ನ ಜೇಮ್ಸ್ ಸ್ಪೀಡಿ, ಬ್ರಾಡ್‌ಫರ್ಡ್ ಸಿಟಿಯ ಜಿಮ್ಮಿ ಸ್ಪಿಯರ್ಸ್ ಇಬ್ಬರೂ ಕ್ಯಾಮರನ್ ಹೈಲ್ಯಾಂಡರ್ಸ್‌ನವರು, ಇಬ್ಬರೂ ಯುದ್ಧದಲ್ಲಿ ಸತ್ತವರು. ಸ್ಪಿಯರ್ಸ್ 1911ರ ಎಫ್‌ಎ ಕಪ್ ಫೈನಲ್ ಮರುಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದವನು, ಸತ್ತದ್ದು 1917ರ ಆಗಸ್ಟ್‌ನಲ್ಲಿ. "ಜೆ. ಎಸ್., ಕ್ಯಾಮರನ್ಸ್, ಫುಟ್‌ಬಾಲ್ ಆಟಗಾರ" ಅಂತ ಪತ್ರಿಕೆಯ ಒಂದು ಸಾಲು ಸಿಕ್ಕಿತು ಅಂತ ಕುಣಿಯಬೇಡಿ.

ಲೀತ್‌ಕನ್ನಡಿಗ:
ಬಹಳ ಉಪಕಾರ. ಪಟ್ಟಿಯಲ್ಲಿ "ಡಬ್ಲ್ಯೂ. ಬ್ರೌನ್" ಅಂತೊಬ್ಬ ಇದ್ದಾನೆ, ಮೊದಲ ಹೆಸರು ಗೊತ್ತಿಲ್ಲ. ಹುಡುಕಿದರೆ ರಾಶಿ ರಾಶಿ ಬರುತ್ತಾರೆ. ಏನು ಮಾಡಲಿ?

ಪದಕಪುರಾಣ:
ಸೇನೆಯ ಕಡತದಿಂದ ಶುರು ಮಾಡಿದರೆ ಮುಗಿಯುವುದೇ ಇಲ್ಲ. ಊರಿನಿಂದ ಶುರು ಮಾಡಿ. ನಡಾವಳಿ ಪುಸ್ತಕದಲ್ಲಿ ವಿಳಾಸವೋ ಕಸುಬೋ ಇದ್ದರೆ 1911ರ ಜನಗಣತಿಯಲ್ಲಿ ಆ ಬೀದಿಯ ಬ್ರೌನ್ ಮನೆ ನೋಡಿ. ಸ್ಕಾಟ್‌ಲೆಂಡ್ಸ್ ಪೀಪಲ್ ತಾಣದಲ್ಲಿ ಜನಗಣತಿ, ಜನನ, ಮದುವೆ ದಾಖಲೆಗಳೆಲ್ಲ ಸಿಗುತ್ತವೆ. ದಾಖಲೆಯ ಚಿತ್ರ ತೆರೆಯುವುದಕ್ಕೆ ಹಣ ಹೋಗುತ್ತದೆ, ಹಾಗಾಗಿ ವಯಸ್ಸು, ಪ್ಯಾರಿಶ್ (ಚರ್ಚಿನ ವ್ಯಾಪ್ತಿಯ ಪ್ರದೇಶ) ಎರಡನ್ನೂ ಬಿಗಿ ಮಾಡಿಕೊಂಡು ತೆರೆಯಿರಿ. ಸ್ಕಾಟ್ ಸೈನಿಕರ ಉಯಿಲುಗಳೂ ಅಲ್ಲೇ ಇವೆ. ಉಯಿಲಿನಲ್ಲಿ ತಾಯಿಯ ಹೆಸರು, ಮನೆ ವಿಳಾಸ ಬಂದರೆ ಮನುಷ್ಯ ಸಿಕ್ಕ ಹಾಗೆಯೇ.

ಆಮೇಲೆ ಆ ವಿಳಾಸವನ್ನು ಯುದ್ಧ ಸಮಾಧಿ ಆಯೋಗದ 'ಹೆಚ್ಚಿನ ಮಾಹಿತಿ' ಜಾಗದ ಜೊತೆ, ಎಡಿನ್‌ಬರೋ ಕೋಟೆಯ ಸ್ಕಾಟಿಷ್ ರಾಷ್ಟ್ರೀಯ ಯುದ್ಧ ಸ್ಮಾರಕದ ಪಟ್ಟಿಯ ಜೊತೆ, ಆ ಊರಿನ ಪತ್ರಿಕೆಯ ಜೊತೆ ತಾಳೆ ನೋಡಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆ ಒಪ್ಪಿದರೆ ಫಲಕಕ್ಕೆ. ಒಂದೇ ಇದ್ದರೆ ಕ್ಲಬ್ಬಿನ ದಾಖಲೆ ಪುಸ್ತಕಕ್ಕೆ ಮಾತ್ರ. ಕಂಚಿನಲ್ಲಿ ಬರೆದದ್ದನ್ನು ಅಳಿಸುವುದು ಕಷ್ಟ.

ಸೋಮ್‌ನ ಮೊದಲ ದಿನ ಸತ್ತವರ ತಾರೀಖಿನ ಬಗ್ಗೆ ಎಚ್ಚರ. ಅಂದು ಕಾಣೆಯಾದವರನ್ನು ಎಷ್ಟೋ ತಿಂಗಳ ಬಳಿಕ 'ಸತ್ತಿರಬೇಕು' ಅಂತ ದಾಖಲಿಸಿದ್ದಾರೆ. ಪತ್ರಿಕೆಯ ತಾರೀಖು ಸುದ್ದಿ ಬಂದ ತಾರೀಖು, ಸಾವಿನದ್ದಲ್ಲ. ಸಮಾಧಿ ಸಿಗದವರ ಹೆಸರು ಫ್ರಾನ್ಸಿನ ಥೀಪ್‌ವಾಲ್ ಸ್ಮಾರಕದಲ್ಲಿದೆ; ಅಲ್ಲಿ 72,000ಕ್ಕೂ ಹೆಚ್ಚು ಹೆಸರುಗಳಿವೆ, ರಾಯಲ್ ಸ್ಕಾಟ್ಸ್‌ನವರದ್ದು 6ಡಿ ಮತ್ತು 7ಡಿ ಅನ್ನುವ ಕಂಬದ ಮುಖಗಳಲ್ಲಿ. ಹೋಗುವುದಾದರೆ ಈ ಸಂಖ್ಯೆ ಬರೆದುಕೊಂಡೇ ಹೋಗಿ.

ಕಂಚುಕಲ್ಲು:
ಫಲಕದ ಮಾತು. ಹೊರಗೆ ಹಾಕುವುದಾದರೆ ಎರಕದ ಕಂಚು, ಒಳಗಾದರೆ ಮರ ಅಥವಾ ಹಿತ್ತಾಳೆ ಸಾಕು. ಹಿತ್ತಾಳೆಯಲ್ಲಿ ಒಂದು ತೊಂದರೆ: ನೋಡಿದವರೆಲ್ಲ ಪಾಲಿಶ್ ಹಚ್ಚಿ ತಿಕ್ಕುತ್ತಾರೆ. ವರ್ಷ ಕಳೆದಂತೆ ಅಕ್ಷರ ಸವೆದು ಚಪ್ಪಟೆಯಾಗುತ್ತದೆ. ಕಂಚನ್ನೂ ತಿಕ್ಕಬಾರದು. ಮೆತ್ತನೆ ಬ್ರಷ್ಷು, ಶುದ್ಧ ನೀರು, ಪೂರ್ತಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಪದರ, ವರ್ಷಕ್ಕೊಮ್ಮೆ. ಪ್ರೆಷರ್ ವಾಷರ್ ತಂದವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಕೂರಿಸುವಾಗ ಕಬ್ಬಿಣದ ಮೊಳೆ ಬೇಡವೇ ಬೇಡ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಲ್ಲು ಒಳಗಿನಿಂದಲೇ ಸೀಳುತ್ತದೆ. ಕಂಚಿನದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಕಡ್ಡಿ ಹಾಕಿ. ಫಲಕ ಗೋಡೆಗೆ ಪೂರ್ತಿ ಅಂಟದೆ ಕೆಲವು ಮಿಲಿಮೀಟರ್ ಮುಂದೆ ನಿಂತರೆ ಹಿಂದೆ ನೀರು ನಿಲ್ಲುವುದಿಲ್ಲ. ಕಂಚಿನಿಂದ ಇಳಿಯುವ ಮಳೆನೀರು ಬಿಳಿ ಕಲ್ಲಿನ ಮೇಲೆ ಹಸಿರು ಗೆರೆ ಎಳೆಯುತ್ತದೆ. ಕಲ್ಲು ತಿಳಿಬಣ್ಣದ್ದಾದರೆ ಮೇಲೆ ಸಣ್ಣ ಚಜ್ಜಾ ಬೇಕು. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಡ್ರಿಲ್ ಮುಟ್ಟುವ ಮೊದಲೇ ಕೌನ್ಸಿಲ್‌ನ ಅನುಮತಿ ತಗೊಳ್ಳಿ.

ಹೆಸರುಗಳು ವರ್ಣಮಾಲೆಯ ಕ್ರಮದಲ್ಲಿರಲಿ, ಹುದ್ದೆಯ ಕ್ರಮ ಬೇಡ. ಸಮಾಧಿ ಆಯೋಗವೇ ಮೊದಲಿನಿಂದ ಹುದ್ದೆ ನೋಡದೆ ಎಲ್ಲರಿಗೂ ಒಂದೇ ಬಗೆಯ ಕಲ್ಲು ಇಟ್ಟಿದೆ. ಕೆಳಗೆ ಎರಡು ಮೂರು ಸಾಲು ಖಾಲಿ ಬಿಡಿ. ಫಲಕ ಅನಾವರಣವಾದ ಮಾರನೇ ವಾರವೇ "ನಮ್ಮ ತಾತನ ಹೆಸರಿಲ್ಲ" ಅಂತ ಯಾರೋ ಬರುತ್ತಾರೆ, ಬಹುಪಾಲು ಅವರು ಹೇಳುವುದು ನಿಜವೂ ಆಗಿರುತ್ತದೆ.

ಚೆಂಡುಚರಿತ್ರೆ:
ಹಾರ್ಟ್ಸ್ ಈ ತಾಪತ್ರಯದಿಂದ ಜಾಣತನದಿಂದ ಪಾರಾಯಿತು ನೋಡಿ. ಎಡಿನ್‌ಬರೋದ ಹೇಮಾರ್ಕೆಟ್‌ನಲ್ಲಿರುವ ಅವರ ಸ್ಮಾರಕ, ಗಡಿಯಾರ ಸ್ತಂಭ, 1922ರ ಏಪ್ರಿಲ್ 9ರಂದು ಅನಾವರಣವಾಯಿತು. ಕ್ಲಬ್ಬು ಅದನ್ನು ಕಟ್ಟಿಸಿ ನಗರಕ್ಕೆ ಕೊಟ್ಟಿತು. ಅದರ ಬರಹ ಯುದ್ಧದಲ್ಲಿ ಮಡಿದ ಆಟಗಾರರು ಮತ್ತು ಸದಸ್ಯರು ಇಬ್ಬರನ್ನೂ ನೆನೆಯುತ್ತದೆ. 'ಸದಸ್ಯರು' ಅಂತ ಸೇರಿಸಿದ್ದೇ ದೊಡ್ಡ ವಿಷಯ, ಯಾಕೆಂದರೆ ಮಕ್ರೇ ಪಡೆಗೆ ಆಟಗಾರರ ಹಿಂದೆಯೇ ನೂರಾರು ಅಭಿಮಾನಿಗಳು ಸೇರಿದ್ದರು. ರೇತ್ ರೋವರ್ಸ್, ಫಾಲ್ಕರ್ಕ್ ಕ್ಲಬ್ಬುಗಳಿಂದಲೂ ಆಟಗಾರರು ಬಂದಿದ್ದರು. ನಿಮ್ಮ ಕ್ಲಬ್ಬಿನವರೂ ಬರೀ ಮೊದಲ ಹನ್ನೊಂದರ ತಂಡ ನೋಡದೆ ಎರಡನೇ ತಂಡ, ಮೈದಾನದ ಕೆಲಸದವರು, ಸಮಿತಿಯವರನ್ನೂ ಹಿಡಿಯಲಿ.

ಇನ್ನು, ಹಾರ್ಟ್ಸ್ ಯುದ್ಧಕ್ಕೆ ಹೋದದ್ದರಿಂದಲೇ ಸ್ಕಾಟಿಷ್ ಲೀಗ್ ಪ್ರಶಸ್ತಿ ಕಳೆದುಕೊಂಡಿತು ಅಂತ ಎಲ್ಲ ಕಡೆ ಬರೆಯುತ್ತಾರೆ. ಹುರುಳಿಲ್ಲದ ಮಾತಲ್ಲ. 1914–15ರ ಋತುವನ್ನು ಸತತ 8 ಗೆಲುವಿನಿಂದ ಶುರು ಮಾಡಿದ ತಂಡ ಅದು. ರಾತ್ರಿ ಕವಾಯತು, ಚುಚ್ಚುಮದ್ದಿನ ಜ್ವರ, ಶನಿವಾರ ಪಂದ್ಯ ಅಂತ ನಡೆದು, ಕೊನೆಗೆ ಸೆಲ್ಟಿಕ್ 65 ಅಂಕ, ಹಾರ್ಟ್ಸ್ 61. ಫಲಕದ ಮೇಲೆ ಮಾತ್ರ ಇಂಥ ವ್ಯಾಖ್ಯಾನ ಬೇಡ. ಹೆಸರು, ಪಡೆ, ತಾರೀಖು ಸಾಕು.

ಲೀತ್‌ಕನ್ನಡಿಗ:
ಕೊನೆಯದಾಗಿ, ಅನಾವರಣ ನವೆಂಬರ್‌ನಲ್ಲೇ ಇಟ್ಟುಕೊಂಡರೆ ಹೇಮಾರ್ಕೆಟ್ ಕಾರ್ಯಕ್ರಮಕ್ಕೆ ಅಡ್ಡ ಬರುತ್ತದಾ?

ಚೆಂಡುಚರಿತ್ರೆ:
ಬರುತ್ತದೆ. ನವೆಂಬರ್ ಎರಡನೇ ಭಾನುವಾರ, ಸ್ಮರಣೆಯ ಭಾನುವಾರದಂದು, ಹಾರ್ಟ್ಸ್‌ನವರು ಹೇಮಾರ್ಕೆಟ್‌ನಲ್ಲಿ ಸೇರುತ್ತಾರೆ. 11 ಗಂಟೆಗೆ ಎರಡು ನಿಮಿಷ ಮೌನ. ಆ ಭಾಗದ ಜನ, ತುತ್ತೂರಿಯವರು, ಪಾದ್ರಿ ಎಲ್ಲರೂ ಅಂದು ಎಲ್ಲೋ ಒಂದು ಕಡೆ ಗೊತ್ತಾಗಿರುತ್ತಾರೆ. ನೀವು ಹಿಂದಿನ ಶನಿವಾರ ಪಂದ್ಯಕ್ಕೆ ಮುಂಚೆ ಇಟ್ಟುಕೊಳ್ಳಿ. ಜುಲೈ 1 ಬೇಕಾದರೂ ಆಗುತ್ತದೆ, ಆದರೆ ಮಕ್ರೇ ಪಡೆಯ ಬಗ್ಗೆ ಕಾಳಜಿ ಇರುವವರಲ್ಲಿ ಹಲವರು ಅಂದು ಆ ಪಡೆ ಸೋಮ್ ಕದನದಲ್ಲಿ ಹೋರಾಡಿದ ಫ್ರಾನ್ಸಿನ ಹಳ್ಳಿ ಕೊಂತಾಲ್ಮೆಜೋಂನಲ್ಲಿರುತ್ತಾರೆ. 2004ರಲ್ಲಿ ಸ್ಕಾಟ್‌ಲೆಂಡಿನ ಕಲ್ಲನ್ನೇ ಒಯ್ದು ಅಲ್ಲಿ ಸ್ಮಾರಕ ಕಟ್ಟಿದ್ದಾರೆ.

ಮಾಲೆ ಸ್ಕಾಟ್‌ಲೆಂಡಿನಲ್ಲೇ ತರಿಸಿ. ಮಡಿದ ಸೈನಿಕರ ನೆನಪಿಗೆ ಬಳಸುವ ಕೆಂಪು ಗಸಗಸೆ ಹೂವು (ಪಾಪಿ) ಅಲ್ಲಿಯದ್ದಾದರೆ ನಾಲ್ಕು ಎಸಳು, ಎಲೆ ಇಲ್ಲ. ಇಂಗ್ಲೆಂಡಿನದ್ದಕ್ಕೆ ಎರಡು ಎಸಳು, ಒಂದು ಎಲೆ. ತಪ್ಪು ಹೂ ತಂದರೆ ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ಗಮನಿಸುತ್ತಾರೆ.

ಕಂಚುಕಲ್ಲು:
ಎರಕದವರಿಗೆ ಪಟ್ಟಿ ಕಳಿಸುವ ಮೊದಲು ಪೂರ್ತಿ ಅಳತೆಯ ಕಾಗದದ ಪ್ರತಿ ತೆಗೆಸಿ ಗೋಡೆಗೆ ಅಂಟಿಸಿ, ಹೆಸರುಗಳನ್ನು ಗೊತ್ತಿಲ್ಲದ ಒಬ್ಬರಿಂದ ಅಕ್ಷರ ಅಕ್ಷರವಾಗಿ ಓದಿಸಿ. ಗೊತ್ತಿದ್ದವರ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಓದಿಬಿಡುತ್ತದೆ. ಫಲಕ ನಿಂತ ಮೇಲೆ ಫೋಟೋ ಸಮೇತ ಇಂಪೀರಿಯಲ್ ವಾರ್ ಮ್ಯೂಸಿಯಮ್ಸ್‌ನ ಸ್ಮಾರಕ ನೋಂದಣಿಗೆ ಕಳಿಸಿ. ಮುಂದೆ ಕ್ಲಬ್ಬು ಮುಚ್ಚಿ ಕಟ್ಟಡ ಮಾರಾಟವಾದರೂ, ಅಲ್ಲೊಂದು ಫಲಕ ಇತ್ತು, ಅದರ ಮೇಲೆ ಇಂಥವರ ಹೆಸರಿತ್ತು ಅನ್ನುವುದಕ್ಕೆ ದಾಖಲೆ ಇರುತ್ತದೆ.