ಪದಚರ್ಚೆ: ತಾಮ್ರದ ಪಟ್ಟಿಯ ‘ಲೆವೆಲ್ಲರ್’ಗೆ ಮಟ್ಟವೋ, ಚಪ್ಪಟೆಯೋ, ಸಪಾಟೋ?

ಪ್ರಶ್ನೆ (ದಾವಣಗೆರೆಯಿಂದ)

ಬಳಗದವರಿಗೆ ನಮಸ್ಕಾರ.

ಐಟಿಐ ಹುಡುಗರಿಗೆಂದು ತಗಡು-ಪಟ್ಟಿ ಕೆಲಸದ ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಟ್ರಾನ್ಸ್‌ಫಾರ್ಮರ್ ಸುತ್ತುವುದಕ್ಕೆ, ಟರ್ಮಿನಲ್ ಒತ್ತುವುದಕ್ಕೆ ಬಳಸುವ ತೆಳು ತಾಮ್ರದ ಪಟ್ಟಿಯನ್ನು ಕಾಯಿಲ್‌ನಿಂದ ಬಿಚ್ಚಿದ ಮೇಲೆ ಹದಿನೇಳೋ ಹತ್ತೊಂಬತ್ತೋ ಸಣ್ಣ ರೋಲುಗಳ ನಡುವೆ ಹಾಯಿಸುವ ಯಂತ್ರವಿದೆಯಲ್ಲ, ಆ ಅಧ್ಯಾಯದಲ್ಲಿ ಪದಗಳು ತೊಡಕಾಗಿವೆ. ಕರಡಿನಲ್ಲಿ ಒಂದು ಕಡೆ ‘ಮಟ್ಟಗೊಳಿಸುವ ಯಂತ್ರ’, ಇನ್ನೊಂದು ಕಡೆ ‘ಚಪ್ಪಟೆ ಮಾಡುವ ಯಂತ್ರ’, ಮತ್ತೊಂದು ಕಡೆ ‘ನೇರ ಮಾಡುವ ಯಂತ್ರ’ ಎಂದಿದೆ. ಶೆಡ್ಡುಗಳಲ್ಲಿ ಕೇಳಿದರೆ ‘ಲೆವೆಲ್ಲರ್’, ಇಲ್ಲವೇ ‘ಬೆಂಡ್ ತೆಗೆಯೋ ಮೆಷಿನ್’. ಯಾವುದನ್ನು ಇಟ್ಟುಕೊಳ್ಳೋಣ? ಪಟ್ಟಿಯ ದೋಷಗಳಿಗೂ ಒಂದೊಂದು ಹೆಸರು ಬೇಕು: ಕಾಯಿಲ್ ಸೆಟ್, ಕ್ರಾಸ್‌ಬೋ, ಎಡ್ಜ್ ವೇವ್, ಸೆಂಟರ್ ಬಕಲ್, ಕ್ಯಾಂಬರ್. ಸದ್ಯ ಐದಕ್ಕೂ ‘ಸೊಟ್ಟ’ ಎಂದೇ ಬರೆದಿದೆ.

ಉತ್ತರ (ಚಿತ್ರದುರ್ಗದಿಂದ)

ಮೇಷ್ಟ್ರೇ, ಮೊದಲು ‘ಚಪ್ಪಟೆ’ಯನ್ನು ತೆಗೆದುಹಾಕಿ. ಚಪ್ಪಟೆ ಮಾಡುವುದು ಅಂದರೆ ಒತ್ತಿ ದಪ್ಪ ಇಳಿಸುವುದು ಎಂದೇ ಹುಡುಗರು ತಿಳಿಯುತ್ತಾರೆ. ಈ ಯಂತ್ರ ಒತ್ತುವುದಿಲ್ಲ, ಬಾಗಿಸುತ್ತದೆ. ಮೇಲಿನ ರೋಲುಗಳು ಕೆಳಗಿನ ರೋಲುಗಳ ಸಂದಿಗೆ ಬರುವಂತೆ ಕೂತಿರುತ್ತವೆ. ಪಟ್ಟಿ ಅವುಗಳ ನಡುವೆ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಬಾಗುತ್ತಾ ಸಾಗುತ್ತದೆ. ಒಳಹೋಗುವ ಕಡೆ ಬಾಗು ಜೋರು, ಮುಂದೆ ಹೋದಂತೆ ಇಳಿಮುಖ, ಹೊರಬರುವ ಕಡೆ ಹೆಚ್ಚುಕಡಿಮೆ ಏನೂ ಇಲ್ಲ. ಒತ್ತುವ ಯಂತ್ರ ಅಂದುಕೊಂಡವನು ಕೊನೆಯ ರೋಲನ್ನೂ ಬಿಗಿ ಮಾಡುತ್ತಾನೆ. ಆಗ ಆ ಕೊನೆಯ ಬಾಗನ್ನು ಬಿಡಿಸುವುದಕ್ಕೆ ಮುಂದೆ ರೋಲೇ ಇರುವುದಿಲ್ಲ, ಅದು ಪಟ್ಟಿಯಲ್ಲಿ ಉಳಿದುಬಿಡುತ್ತದೆ. ಕೈಪಿಡಿಯಲ್ಲಿ ತಪ್ಪು ಪದವಿದ್ದರೆ ಮೆಷಿನ್ ಮೇಲೆ ತಪ್ಪು ಸೆಟ್ಟಿಂಗ್ ಬರುವುದು ಹೀಗೆ.

‘ಮಟ್ಟ’ವೂ ಹೊಂದುವುದಿಲ್ಲ. ರಸಮಟ್ಟ ಇಟ್ಟು ನೋಡುವ ಗಾರೆಯವರ ಮಟ್ಟ ಬೇರೆ. ಪಟ್ಟಿಯನ್ನು ನಿಲ್ಲಿಸಿದರೂ ಮಲಗಿಸಿದರೂ ಅದು ಸಪಾಟಾಗಿರಬೇಕು. ಹಂಡೆ, ತಪ್ಪಲೆ ಮಾಡುವವರು ಕೊಡತಿಯಲ್ಲಿ ತಗಡು ತಟ್ಟುವಾಗ ‘ಸಪಾಟು ಮಾಡು’ ಅನ್ನುತ್ತಾರೆ. ಇಂಗಳದಾಳದಲ್ಲಿ ತಾಮ್ರದ ಅದಿರು ತೆಗೆದ ಜಿಲ್ಲೆ ನಮ್ಮದು, ತಾಮ್ರದ ಕೆಲಸಕ್ಕೆ ಮಾತು ಹೊರಗಿಂದ ತರಬೇಕಿಲ್ಲ. ‘ಸಪಾಟು ಯಂತ್ರ’ ಎಂದಿಡಿ, ಮೊದಲ ಸಲ ಬಂದಾಗ ಪಕ್ಕದಲ್ಲೇ ಲೆವೆಲ್ಲರ್ ಎಂದೂ ಬರೆಯಿರಿ; ಕೆಲಸಕ್ಕೆ ಸೇರಿದ ದಿನ ಹುಡುಗನ ಕಿವಿಗೆ ಬೀಳುವುದು ಆ ಪದವೇ.

‘ನೇರ ಮಾಡುವ ಯಂತ್ರ’ ತಪ್ಪಲ್ಲ, ಆದರೆ ಅದು ಇನ್ನೊಂದು ಯಂತ್ರ. ಐದೋ ಏಳೋ ದಪ್ಪ ರೋಲಿನ ಸ್ಟ್ರೈಟ್ನರ್ ಸುರುಳಿಯ ಬಾಗನ್ನಷ್ಟೇ ತೆಗೆಯುತ್ತದೆ. ಅಂಚಿನ ಅಲೆ, ನಡುವಿನ ಉಬ್ಬು ತೆಗೆಯಬೇಕಾದರೆ ಸಣ್ಣ ರೋಲು ಹೆಚ್ಚು ಬೇಕು, ರೋಲನ್ನೇ ಬೇಕಾದಲ್ಲಿ ಬಾಗಿಸುವ ವ್ಯವಸ್ಥೆಯೂ ಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ ಗೊಂದಲ.

ರೋಲು ಯಾಕೆ ಅಷ್ಟು ಸಣ್ಣದು ಎಂಬ ಲೆಕ್ಕ ಕೈಪಿಡಿಯಲ್ಲಿ ಇರಲಿ. 0.3 ಮಿ.ಮೀ. ದಪ್ಪದ, ಸುಮಾರು 300 ಮೆಗಾಪಾಸ್ಕಲ್‌ಗೆ (ಇದು ಒತ್ತಡದ ಅಳತೆ) ಮಣಿಯುವ, ಅಂದರೆ ಬಿಟ್ಟರೂ ಮೊದಲಿನಂತಾಗದ ಹಾಗೆ ಬಾಗುವ, ಗಡಸು ತಾಮ್ರವನ್ನು ತೆಗೆದುಕೊಳ್ಳಿ. ಸುಮಾರು 58 ಮಿ.ಮೀ. ತ್ರಿಜ್ಯದವರೆಗೆ ಬಾಗಿಸಿದರೂ ಅದು ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ದಪ್ಪದ ಮುಕ್ಕಾಲು ಪಾಲು ಮಣಿದು ಹಳೆಯ ಬಾಗನ್ನು ಮರೆಯಬೇಕಾದರೆ ತ್ರಿಜ್ಯ 15 ಮಿ.ಮೀ.ಗೆ ಇಳಿಯಬೇಕು. ಹಾಗಾಗಿ ರೋಲಿನ ವ್ಯಾಸ 30 ಮಿ.ಮೀ.ಗಿಂತ ಕಡಿಮೆ, 25 ಇದ್ದರೆ ಒಳ್ಳೆಯದು. ಅದೇ ದಪ್ಪದ ಮೆದು ತಾಮ್ರ 60 ಮೆಗಾಪಾಸ್ಕಲ್‌ಗೇ ಮಣಿಯುತ್ತದೆ ಅಂದರೆ 290 ಮಿ.ಮೀ. ತ್ರಿಜ್ಯದಲ್ಲೇ ಬಾಗು ನಿಂತುಬಿಡುತ್ತದೆ. ಕೈಯಲ್ಲಿ ಎತ್ತುವಾಗಲೇ ಮಡಿಕೆ ಬೀಳುವುದು ಅದಕ್ಕೆ. ಇಲ್ಲಿ ‘ಟೆಂಪರ್’ಗೆ ‘ಹದ’ ಎನ್ನಿ: ಮೆದು ಹದ, ಅರೆಗಡಸು ಹದ, ಗಡಸು ಹದ. ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ಮೆದು ಹದದ ಪಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಾಗಿಸಿದರೆ ಬಾಗಿ ಬಾಗಿಯೇ ಅದು ಗಡಸಾಗುತ್ತದೆ, ಹದ ಕೆಡುತ್ತದೆ.

ಇನ್ನು ದೋಷಗಳು. ಕಾಯಿಲ್ ಸೆಟ್ ‘ಸುರುಳಿ ಬಾಗು’: ಉದ್ದಕ್ಕೆ ಬರುವುದು, ಪಟ್ಟಿಯ ಒಂದು ಮೈ ಇನ್ನೊಂದಕ್ಕಿಂತ ಉದ್ದವಾಗಿರುವುದರಿಂದ. ಕ್ರಾಸ್‌ಬೋ ‘ಅಡ್ಡ ಬಾಗು’: ಒಣಗಿದ ಅಡಿಕೆ ಹಾಳೆ ಎರಡೂ ಅಂಚು ಎತ್ತಿಕೊಂಡ ಹಾಗೆ. ಚನ್ನಗಿರಿ ಕಡೆಯ ಹುಡುಗರಿಗೆ ಬೇರೆ ವಿವರಣೆ ಬೇಡ. ಸುರುಳಿ ಬಾಗು ತೆಗೆಯುವಾಗ ಅಡ್ಡ ಬಾಗು ಹುಟ್ಟಿಕೊಳ್ಳುವುದುಂಟು, ಏಕೆಂದರೆ ಉದ್ದಕ್ಕೆ ಹಿಗ್ಗಿದ ಮೈ ಅಗಲಕ್ಕೆ ಕುಗ್ಗುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಬೇಕು. ಮಾದರಿ ತುಂಡನ್ನು ಮೇಜಿನ ಮೇಲೆ ಮಲಗಿಸಿ ನೋಡಿದರೆ ತೆಳು ತಾಮ್ರ ತನ್ನ ತೂಕಕ್ಕೇ ಸಪಾಟಾದಂತೆ ಕಾಣುತ್ತದೆ. ಒಂದು ಮೀಟರ್ ಕತ್ತರಿಸಿ, ಮೇಲಿನ ಅಂಚು ಹಿಡಿದು ತೂಗಬಿಡಿ, ಬಾಗು ಇದ್ದರೆ ಆಗ ತೋರುತ್ತದೆ.

‘ಅಂಚಿನ ಅಲೆ’ ಮತ್ತು ‘ನಡು ಉಬ್ಬು’ ಬೇರೆ ಜಾತಿಯವು. ಅಂಚು ಉದ್ದವಾಗಿ ನಡು ಗಿಡ್ಡವಾಗಿದ್ದರೆ ಅಂಚಿನಲ್ಲಿ ಅಲೆ. ನಡು ಉದ್ದವಾಗಿದ್ದರೆ ನಡುವೆ ಉಬ್ಬು. ಉದ್ದವಾದ ಲೋಹವನ್ನು ಗಿಡ್ಡ ಮಾಡಲಾಗದು, ಗಿಡ್ಡವಾದದ್ದನ್ನು ಎಳೆದು ಉದ್ದ ಮಾಡಬಹುದು ಅಷ್ಟೇ. ಅಂಚಿನಲ್ಲಿ ಅಲೆ ಕಂಡರೆ ರೋಲನ್ನು ನಡುವೆ ಹೆಚ್ಚು ಇಳಿಸಬೇಕು. ಅಲೆ ಇರುವ ಜಾಗದಲ್ಲೇ ಬಿಗಿ ಮಾಡಿದರೆ ಅಲೆ ಇನ್ನೂ ಏಳುತ್ತದೆ. ಎಲ್ಲರೂ ಎಡವುವುದು ಇಲ್ಲೇ, ಇದನ್ನು ದಪ್ಪಕ್ಷರದಲ್ಲಿ ಹಾಕಿ. ಅಳತೆಗೆ ‘ಐ-ಯೂನಿಟ್’ ಹಾಗೇ ಇರಲಿ: ಉದ್ದದಲ್ಲಿ ಲಕ್ಷಕ್ಕೆ ಒಂದು ಪಾಲಿನ ವ್ಯತ್ಯಾಸ 1 ಐ-ಯೂನಿಟ್. ಅಲೆಯ ಎತ್ತರ 1 ಮಿ.ಮೀ., ಒಂದು ಅಲೆಯ ಉದ್ದ 200 ಮಿ.ಮೀ. ಇದ್ದರೆ ಸುಮಾರು 6 ಐ-ಯೂನಿಟ್, ಅಂದರೆ ಮೀಟರಿಗೆ 0.06 ಮಿ.ಮೀ. ಮಾತ್ರ. ಕಣ್ಣಿಗೆ ದೊಡ್ಡದಾಗಿ ಕಾಣುವ ಅಲೆಯ ಹಿಂದೆ ಇರುವುದು ಇಷ್ಟೇ ಇಷ್ಟು ಹೆಚ್ಚುವರಿ ಉದ್ದ.

ಕ್ಯಾಂಬರ್‌ಗೆ ‘ಪಕ್ಕದ ಡೊಂಕು’: ಸಪಾಟಾಗಿ ಮಲಗಿದ ಪಟ್ಟಿಯ ಅಂಚು ಎಡಕ್ಕೋ ಬಲಕ್ಕೋ ಬಾಗಿರುವುದು. ಇದು ಸಪಾಟು ಯಂತ್ರದಲ್ಲಿ ಹೋಗುವುದಿಲ್ಲ. ಅಗಲದ ಕಾಯಿಲ್ ಸೀಳುವ ಹಂತದಲ್ಲೇ ನೋಡಿಕೊಳ್ಳಬೇಕು.

ಮರುಪ್ರಶ್ನೆ (ದಾವಣಗೆರೆಯಿಂದ)

ಬಹಳ ಉಪಕಾರವಾಯಿತು ಸಾರ್. ಮೇಲಿನ ರೋಲು ಕೆಳಗಿನವುಗಳ ಸಂದಿಗೆ ಎಷ್ಟು ಹೊಕ್ಕಿದೆ ಎಂಬುದಕ್ಕೆ ‘ಇಳಿತ’ ಎಂದು ಬರೆಯಲೇ? ವರ್ಕ್ ರೋಲ್, ಬ್ಯಾಕಪ್ ರೋಲ್‌ಗಳಿಗೆ ಏನೆನ್ನಲಿ? ರೋಲಿನಿಂದ ಬೀಳುವ ಗುರುತುಗಳ ಬಗ್ಗೆಯೂ ಒಂದೆರಡು ಸಾಲು ಬೇಕಿತ್ತು.

ಉತ್ತರ (ಚಿತ್ರದುರ್ಗದಿಂದ)

‘ಇಳಿತ’ ಚೆನ್ನಾಗಿದೆ. ಸೆಟ್ಟಿಂಗ್ ಮಾಡುವಾಗ ಹೊರಬರುವ ಕಡೆಯ ಸಂದನ್ನು ಪಟ್ಟಿಯ ದಪ್ಪಕ್ಕೆ ಸರಿಯಾಗಿ ಇಟ್ಟು, ಒಳಹೋಗುವ ಕಡೆಯ ಇಳಿತವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ಹೋಗಬೇಕು. ಸುರುಳಿ ಬಾಗು ಒಂದಿಷ್ಟು ಉಳಿದರೆ ಕೊನೆಯ ರೋಲನ್ನು ಕೂದಲೆಳೆಯಷ್ಟು ಎತ್ತಿಯೋ ಇಳಿಸಿಯೋ ನೋಡುವುದು.

ಪಟ್ಟಿಗೆ ತಾಗುವುದು ‘ಕೆಲಸದ ರೋಲು’, ಅದು ನಡುವೆ ಬಾಗದಂತೆ ಹಿಂದಿನಿಂದ ಹಿಡಿಯುವುದು ‘ಒತ್ತಾಸೆ ರೋಲು’. ‘ಉರುಳೆ’ ಬೇಡ, ರೋಲು ಕನ್ನಡವೇ ಆಗಿಹೋಗಿದೆ. ಒತ್ತಾಸೆ ರೋಲು ಗಿಡ್ಡ, ಕೆಲಸದ ರೋಲಿನ ಅಲ್ಲಲ್ಲಿ ಮಾತ್ರ ತಾಗುತ್ತದೆ. ತಾಗಿದ ಕಡೆ ಸವೆದ ಗೆರೆ ತಾಮ್ರದ ಮೇಲೆ ಉದ್ದಕ್ಕೆ ಹೊಳೆಯುವ ಪಟ್ಟೆಯಾಗಿ ಮೂಡುತ್ತದೆ. ಮೈ ಚೊಕ್ಕವಾಗಿರಲೇಬೇಕಾದ ಕೆಲಸಕ್ಕೆ ಎರಡರ ಮಧ್ಯೆ ಇನ್ನೊಂದು ಸಾಲು ರೋಲು ಕೂರಿಸುತ್ತಾರೆ, ಅದಕ್ಕೆ ‘ನಡು ರೋಲು’ ಸಾಕು.

ಚುಕ್ಕಿಯಂಥ ಗುಂಡಿ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಿದ್ದಿದ್ದರೆ ಸ್ಕೇಲ್ ಇಟ್ಟು ಅಳೆಯಿರಿ. 25 ಮಿ.ಮೀ. ರೋಲಿನ ಸುತ್ತಳತೆ 78.5 ಮಿ.ಮೀ.; ಗುಂಡಿಗಳ ಅಂತರವೂ ಅಷ್ಟೇ ಇದ್ದರೆ ಯಾವುದೋ ಕೆಲಸದ ರೋಲಿಗೆ ತಾಮ್ರದ ಪುಡಿಯೋ ಕಸವೋ ಅಂಟಿದೆ ಎಂದರ್ಥ. ಗುಂಡಿ ಪಟ್ಟಿಯ ಮೇಲ್ಮೈಯಲ್ಲಿದ್ದರೆ ಮೇಲಿನ ಸಾಲು, ಕೆಳಮೈಯಲ್ಲಿದ್ದರೆ ಕೆಳಗಿನ ಸಾಲು. ಮೆಷಿನ್ ನಿಲ್ಲಿಸಿ, ಮೇಲಿನ ಸಾಲನ್ನು ಎತ್ತಿ, ನೂಲು ಬಿಡದ ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಬೇಕು. ಉಕ್ಕಿನ ಬ್ರಷ್ ಮುಟ್ಟಿಸಬಾರದು, ಅದರ ಗೀರು ರೋಲಿನಿಂದ ನೇರ ಪಟ್ಟಿಗೆ ಇಳಿಯುತ್ತದೆ.