ತುಟಿ ಮೇಲೆ ಗುಳ್ಳೆ ಎದ್ದಿದೆ, ತಮ್ಮನ ಮಗುವಿಗೆ ಹೆಸರು ಹೇಳಬಹುದಾ?

ಸೋದರತ್ತೆ_ಹಾಸನ:
ತಮ್ಮನಿಗೆ ಹೆಣ್ಣು ಮಗು ಹುಟ್ಟಿ ಇವತ್ತಿಗೆ ಒಂಬತ್ತು ದಿನ. ಹದಿಮೂರಕ್ಕೆ ತೊಟ್ಟಿಲು ಶಾಸ್ತ್ರ. ನಮ್ಮಲ್ಲಿ ಸೋದರತ್ತೆಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಅಂದರೆ ನಾನು. ಮೊನ್ನೆ ಸೀರೆ, ಬೆಳ್ಳಿ ಬಟ್ಟಲು ಅಂತ ಬಿಸಿಲಲ್ಲಿ ಪೇಟೆಯೆಲ್ಲ ಸುತ್ತಿ ಬಂದೆ, ರಾತ್ರಿ ತುಟಿ ಚುರುಚುರು ಅಂತು, ಬೆಳಿಗ್ಗೆ ನೋಡಿದರೆ ನೀರು ತುಂಬಿದ ಗುಳ್ಳೆಗಳು. ಚಿಕ್ಕಂದಿನಿಂದ ವರ್ಷಕ್ಕೆ ಒಂದೆರಡು ಸಲ ಹೀಗಾಗುತ್ತೆ. ಉಷ್ಣ ಅಂತ ಅಮ್ಮ ಮಜ್ಜಿಗೆ ಕೊಡುತ್ತಿದ್ದರು. ಈ ಸಲ ಡಾಕ್ಟರಿಗೆ ತೋರಿಸಿದೆ. ಚೀಟಿಯಲ್ಲಿ 'ಹರ್ಪಿಸ್' ಅಂತ ಬರೆದಿದ್ದಾರೆ. ಗೂಗಲ್‌ನಲ್ಲಿ ನೋಡಿದರೆ ಲೈಂಗಿಕ ರೋಗ ಅಂತ ಬರುತ್ತಿದೆ. ಎದೆ ಧಸಕ್ ಅಂತು. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಮಗುವನ್ನು ಎತ್ತಿಕೊಳ್ಳಬಹುದಾ?

ವಾರ್ಡ್_ಸಿಸ್ಟರ್:
ಅಕ್ಕಾ, ಮೊದಲು ಮಗುವಿನ ವಿಷಯ. ದಯವಿಟ್ಟು ಹತ್ತಿರ ಹೋಗಬೇಡಿ, ಮುತ್ತಿಡಲೇಬೇಡಿ. ನಾನು ಎಳೆ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ದೊಡ್ಡವರಿಗೆ ಇದು ತುಟಿಯ ಗುಳ್ಳೆ ಅಷ್ಟೇ. ಆದರೆ ಹುಟ್ಟಿದ ಮೊದಲ ನಾಲ್ಕರಿಂದ ಆರು ವಾರ ಮಗುವಿಗೆ ತಡೆಯುವ ಶಕ್ತಿ ಇರುವುದಿಲ್ಲ, ವೈರಸ್ ಮೆದುಳಿಗೆ, ಲಿವರಿಗೆ ಹರಡಿಬಿಟ್ಟರೆ ಪ್ರಾಣಕ್ಕೇ ಕುತ್ತು. ನಿಮ್ಮ ಗುಳ್ಳೆ ಒಣಗಿ ಹಕ್ಕಳೆ ಉದುರಲು ಏಳರಿಂದ ಹತ್ತು ದಿನ ಬೇಕು, ಹದಿಮೂರರೊಳಗೆ ಆಗುವುದಿಲ್ಲ. ಈಗಾಗಲೇ ಎತ್ತಿಕೊಂಡಿದ್ದರೆ ಗಾಬರಿ ಬೇಡ, ಆದರೆ ಗಮನವಿರಲಿ. ಮಗು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಜ್ವರ ಬಂದರೆ, ಮೈಮೇಲೆ ಗುಳ್ಳೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ. ಜ್ವರ ಇಲ್ಲದೆಯೂ ಇರಬಹುದು. ಗುಳ್ಳೆ ಮುಟ್ಟಿದ ಕೈಯಲ್ಲಿ ಕಣ್ಣನ್ನೂ ಉಜ್ಜಬೇಡಿ.

ಮಲೆನಾಡು_ಮಳೆ:
ಆ ಹೆಸರಿಗೆ ಹೆದರಬೇಡಿ ಅಕ್ಕ. ಇದರಲ್ಲಿ ಎರಡು ಟೈಪ್ ಇವೆ. ತುಟಿಗೆ ಬರುವುದು ಹೆಚ್ಚಾಗಿ ಟೈಪ್ 1, ಅದು ಚಿಕ್ಕಂದಿನಲ್ಲೇ ಮನೆಯವರ ಮುತ್ತಿನಿಂದ, ಎಂಜಲಿನಿಂದ ಬಂದಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನವರಲ್ಲಿ ನೂರಕ್ಕೆ ಸುಮಾರು 64 ಜನರಿಗೆ ಇದೆ. ಬಹಳಷ್ಟು ಜನರಿಗೆ ಗೊತ್ತೇ ಇಲ್ಲ. ಒಮ್ಮೆ ಬಂದರೆ ನರದ ಬುಡದಲ್ಲಿ ಮಲಗಿರುತ್ತೆ, ಬಿಸಿಲು, ಜ್ವರ, ನಿದ್ದೆಗೇಡು, ಮುಟ್ಟು, ಯಾವುದಾದರೂ ನೆಪ ಸಿಕ್ಕರೆ ಏಳುತ್ತೆ. ನನಗೂ ಇದೆ. ಡಾಕ್ಟರು ಬರೆದುಕೊಟ್ಟ ಅಸೈಕ್ಲೋವಿರ್ ಮಾತ್ರೆ ಮನೆಯಲ್ಲಿಟ್ಟಿದ್ದೇನೆ, ಚುರುಚುರು ಅಂದ ಕೂಡಲೇ ಶುರು ಮಾಡುತ್ತೇನೆ. ಗುಳ್ಳೆ ಎದ್ದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ಸ್ಟೀರಾಯ್ಡ್ ಇರುವ ಮುಲಾಮು ಹಚ್ಚಬೇಡಿ, ಇನ್ನೂ ಜಾಸ್ತಿಯಾಗುತ್ತೆ. ಇನ್ನೊಂದು ಮಾತು, ನಮ್ಮ ಅತ್ತೆ ಹರ್ಪಿಸ್ ಅಂದ ತಕ್ಷಣ ಸರ್ಪಸುತ್ತು ಅಂತ ಕೆಮ್ಮಣ್ಣು ತರಲು ಹೊರಟಿದ್ದರು. ಅದು ಬೇರೆ, ಸಿಡುಬಿನಂತೆ ಮಕ್ಕಳಿಗೆ ಬರುತ್ತಲ್ಲ ಚಿಕನ್‌ಪಾಕ್ಸ್, ಆ ವೈರಸ್ಸಿನದು.

ಬೆಳಗಾವಿ_38:
ನನಗಿರುವುದು ಟೈಪ್ 2, ಕೆಳಗಡೆಯದು, ಅಂದರೆ ಜನನಾಂಗದ ಹತ್ತಿರ ಏಳುವುದು. ಗೊತ್ತಾದಾಗ ಆರು ತಿಂಗಳು ಯಾರ ಜೊತೆಯೂ ಸರಿಯಾಗಿ ಮಾತಾಡಿರಲಿಲ್ಲ. ಮದುವೆ ಮಾತುಕತೆಯಾದಾಗ ಹುಡುಗಿಗೆ ನೇರವಾಗಿ ಹೇಳಿದೆ, ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ದಿನಾ ಈ ವೈರಸ್ ತಡೆಯುವ ವಾಲಾಸೈಕ್ಲೋವಿರ್ 500 ಮಿ.ಗ್ರಾಂ ಮಾತ್ರೆ ಒಂದು ನುಂಗುತ್ತೇನೆ, ಅದರಿಂದ ಜೊತೆಗಾರರಿಗೆ ಹರಡುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ಪೂರ್ತಿ ನಿಲ್ಲುವುದಿಲ್ಲ. ಗುಳ್ಳೆ ಕಾಣದಿದ್ದಾಗಲೂ ಹರಡಬಹುದು, ಇದನ್ನು ಅವಳಿಂದ ಮುಚ್ಚಿಡಲಿಲ್ಲ. ಅಕ್ಕಾ, ನೀವು ತಪ್ಪು ಮಾಡಿಲ್ಲ. ನಾನೂ ಮಾಡಿರಲಿಲ್ಲ ಅಂತ ಒಪ್ಪಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಮನೆಯಲ್ಲಿ ಹೇಳಿಬಿಡಿ. ಹೇಳದೆ ದೂರ ನಿಂತರೆ ಅತ್ತೆಗೆ ಮಗುವಿನ ಮೇಲೆ ಪ್ರೀತಿಯಿಲ್ಲ ಅಂದುಕೊಳ್ಳುತ್ತಾರೆ ಅಲ್ವಾ?

ಸೋದರತ್ತೆ_ಹಾಸನ:
ನಿನ್ನೆ ರಾತ್ರಿ ತಮ್ಮನ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳೇ ಅವರಮ್ಮನನ್ನು ಒಪ್ಪಿಸಿ ಶಾಸ್ತ್ರವನ್ನು ಮೂರನೇ ತಿಂಗಳಿಗೆ ಹಾಕಿಸಿದ್ದಾಳೆ. 'ಹೆಸರು ನೀವೇ ಹೇಳಬೇಕು ಅತ್ತಿಗೆ' ಅಂದಳು, ಅತ್ತುಬಿಟ್ಟೆ. ಅಮ್ಮ ಇನ್ನೊಂದು ನೆನಪು ಮಾಡಿದರು, ತಮ್ಮನಿಗೂ ಶಾಲೆಗೆ ಹೋಗುವಾಗ ಹೀಗೇ ಏಳುತ್ತಿತ್ತಂತೆ. ಈಗ ಅವನಿಗೂ ಹೇಳಿದ್ದೇನೆ, ತುಟಿ ಚುರುಕ್ ಅಂದರೆ ಮಗುವಿನ ಕೋಣೆಗೆ ಹೋಗಬೇಡ ಅಂತ.